ಬಿಚ್ಚಿಕೊಳ್ಳದ ಬೋಲ್ಟು, ಕದಲದ ಫಿಲ್ಟರು

ಎಂಜಿನ್ ಆಯಿಲ್ ಬದಲಿಸುವ ಕೆಲಸವನ್ನು ಬಾಯಲ್ಲಿ ಹೇಳಿದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಆಯಿಲ್ ಇಳಿಸುವುದು, ಫಿಲ್ಟರ್ ಬದಲಿಸುವುದು, ಬೋಲ್ಟ್ ಹಾಕಿ ಹೊಸ ಆಯಿಲ್ ಸುರಿಯುವುದು, ಅಷ್ಟೆ. ಹೊಸ ಕಾರಿಗೆ ಈ ಮಾತು ಒಪ್ಪುತ್ತದೆ. ಆದರೆ ಹದಿನೈದು ಇಪ್ಪತ್ತು ವರ್ಷ ಓಡಿ, ನಾಲ್ಕಾರು ಗ್ಯಾರೇಜ್ ಕಂಡು, ಎರಡು ಮೂರು ಮಾಲೀಕರ ಕೈ ದಾಟಿ ಬಂದ ಮಾರುತಿ 800, ಝೆನ್, ಸ್ಯಾಂಟ್ರೋ, ಇಂಡಿಕಾಗಳ ವಿಷಯ ಬೇರೆ. ಅಲ್ಲಿ ಮೊದಲ ಬೋಲ್ಟೇ ಅರ್ಧ ದಿನ ತಿನ್ನಬಹುದು. ಹಿಂದಿನವರು ಎಷ್ಟು ಬಿಗಿದಿದ್ದಾರೆ, ಯಾವ ವಾಷರ್ ಹಾಕಿದ್ದಾರೆ, ಫಿಲ್ಟರನ್ನು ಕೈಯಲ್ಲಿ ತಿರುಗಿಸಿದರೋ ಪಾನಾ ಹಾಕಿ ತಿರುಗಿಸಿದರೋ ಎಂಬುದೆಲ್ಲ ಕಾರಿನಡಿ ಮಲಗಿದ ಮೇಲೆಯೇ ಗೊತ್ತಾಗುವುದು.

ಹಾಗಂತ ಇದು ಮನೆಯಲ್ಲಿ ಮಾಡಬಾರದ ಕೆಲಸವೇನಲ್ಲ. ಹಳೇ ಕಾರು ಇಟ್ಟುಕೊಂಡವರು ಒಮ್ಮೆಯಾದರೂ ತಾವೇ ಮಾಡಿ ನೋಡಬೇಕು ಅನ್ನುವವನು ನಾನು. ಕಾರಿನ ಹೊಟ್ಟೆಯ ಕೆಳಗೆ ಎಲ್ಲಿ ಜಿನುಗುತ್ತಿದೆ, ಸೈಲೆನ್ಸರ್ ಎಲ್ಲಿ ತುಕ್ಕು ಹಿಡಿದಿದೆ, ಆ್ಯಕ್ಸಲ್ ಬೂಟ್ ಹರಿದಿದೆಯೇ ಎಂದು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಒಂದೇ ಒಂದು ಸೂತ್ರವನ್ನು ಮಾತ್ರ ಬಿಡಬಾರದು: ಡ್ರೈನ್ ಬೋಲ್ಟ್ ಮತ್ತು ಫಿಲ್ಟರ್ ಎರಡೂ ಬಿಚ್ಚಿಕೊಳ್ಳುತ್ತವೆ ಎಂದು ಖಾತ್ರಿಯಾಗುವವರೆಗೆ ಎಂಜಿನ್ನಿನಿಂದ ಒಂದು ಲೋಟ ಆಯಿಲ್ ಕೂಡ ಇಳಿಸಬೇಡಿ. ಆಯಿಲ್ ಒಳಗಿದ್ದರೆ ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಇಳಿಸಿದ ಮೇಲೆ ಫಿಲ್ಟರ್ ಕದಲದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ.

ಇದೇ ಕಾರಣಕ್ಕೆ ಭಾನುವಾರ ಸಂಜೆ ಈ ಕೆಲಸಕ್ಕೆ ಕೈ ಹಾಕಬಾರದು. ವಾಷರ್ ಬೇಕಾದರೂ ಬೋಲ್ಟ್ ಬೇಕಾದರೂ ಬಿಡಿಭಾಗದ ಅಂಗಡಿ ತೆರೆದಿರಬೇಕು. ಶನಿವಾರ ಬೆಳಿಗ್ಗೆ ಒಳ್ಳೆಯ ಹೊತ್ತು.

ಸಾಮಾನು ಮೊದಲೇ ತಂದಿಟ್ಟುಕೊಳ್ಳಿ. ಯಾವ ಆಯಿಲ್ ಎಂಬ ಪ್ರಶ್ನೆಗೆ ಮೊದಲ ಉತ್ತರ ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಪುಸ್ತಕ ಕಳೆದುಹೋಗಿದ್ದರೆ ಡಬ್ಬಿಯ ಮೇಲಿನ ಅಂಕಿಗಳನ್ನು ಓದಲು ಕಲಿಯಿರಿ. 20ಡಬ್ಲ್ಯೂ-40 ಎಂದಿದ್ದರೆ, ಡಬ್ಲ್ಯೂ ಜೊತೆಗಿರುವ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನೂ ಹೇಳುತ್ತದೆ. ಮೊದಲ ಅಂಕಿ ಚಿಕ್ಕದಾದಷ್ಟೂ ಚಳಿಗೆ ಒಳ್ಳೆಯದು. ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ, ಆದರೆ ರಾಯಚೂರು, ಕಲಬುರಗಿ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾರ್ಬ್ಯುರೇಟರ್ ಕಾಲದ ಪೆಟ್ರೋಲ್ ಕಾರುಗಳಿಗೆ 20ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಸಾಕು. ಇವತ್ತಿನ ಎಂಜಿನ್ನುಗಳಿಗೆಂದು ಮಾಡಿದ 0ಡಬ್ಲ್ಯೂ-20ಯಂಥ ತೆಳು ಆಯಿಲ್ ದುಬಾರಿ ಎಂಬ ಒಂದೇ ಕಾರಣಕ್ಕೆ ಹಳೇ ಎಂಜಿನ್ನಿಗೆ ಒಳ್ಳೆಯದಾಗುವುದಿಲ್ಲ. ಅದರ ಬೇರಿಂಗುಗಳ ನಡುವಿನ ಸಂದು ದಪ್ಪ ಆಯಿಲ್ ಲೆಕ್ಕದಲ್ಲಿ ಮಾಡಿದ್ದು, ಸವೆದು ಇನ್ನಷ್ಟು ಅಗಲವಾಗಿರುತ್ತದೆ. ಡಬ್ಬಿಯ ಮೇಲೆ ಎಪಿಐ ದರ್ಜೆಯನ್ನೂ ನೋಡಿ. ಪೆಟ್ರೋಲ್ ಎಂಜಿನ್ನಿನದು ಎಸ್ ಅಕ್ಷರದಿಂದ, ಡೀಸೆಲ್‌ನದು ಸಿ ಅಕ್ಷರದಿಂದ ಶುರುವಾಗುತ್ತದೆ.

ಬಿಡಿ ಆಯಿಲ್ ಬೇಡ. ಗೊತ್ತಿರುವ ಅಂಗಡಿಯಿಂದ ಸೀಲ್ ಇರುವ ಕ್ಯಾನನ್ನೇ ತನ್ನಿ. ಮಾರುತಿ 800ಗೆ ಫಿಲ್ಟರ್ ಸೇರಿ ಮೂರು ಲೀಟರಿನ ಒಂದು ಕ್ಯಾನ್ ಸಾಕಾಗುತ್ತದೆ, ಉಳಿದ ಕಾರುಗಳ ಲೆಕ್ಕ ಪುಸ್ತಕದಲ್ಲಿರುತ್ತದೆ. ಜೊತೆಗೆ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್, ಸಾಧ್ಯವಾದರೆ ಒಂದು ಹೊಸ ಡ್ರೈನ್ ಬೋಲ್ಟ್. ಈ ಕೊನೆಯದನ್ನು ಯಾರೂ ತರುವುದಿಲ್ಲ. ಹಳೇ ಕಾರಿಗೆ ಅದು ಅತ್ಯಂತ ಉಪಯುಕ್ತವಾದ ಖರೀದಿ. ಬೋಲ್ಟಿನ ತಲೆ ಹಾಳಾದರೂ ಚಿಂತೆ ಇಲ್ಲ ಎಂಬ ಧೈರ್ಯ ಇದ್ದರೆ ಕೈ ನಡುಗುವುದಿಲ್ಲ.

ಇನ್ನು ಕಾರನ್ನು ಎತ್ತುವ ವಿಚಾರ. ಇದರಲ್ಲಿ ರಾಜಿಯೇ ಇಲ್ಲ. ಕಾರಿನ ಜೊತೆ ಕೊಡುವ ಜಾಕಿ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನಡಿ ತಲೆ ಹಾಕುವುದಿರಲಿ, ಕೈ ಕೂಡ ಹಾಕಬೇಡಿ. ಸಿಮೆಂಟಿನ ಹಾಲೋ ಬ್ಲಾಕ್, ಇಟ್ಟಿಗೆ, ಸೈಜುಗಲ್ಲುಗಳನ್ನು ಆನಿಕೆ ಕೊಟ್ಟು ಮಲಗುವವರಿದ್ದಾರೆ. ಹಾಲೋ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ, ಕಲ್ಲು ಜಾರುತ್ತದೆ. ಜಾಕ್ ಸ್ಟ್ಯಾಂಡ್ ಎಂದು ಕೇಳಿದರೆ ಗ್ಯಾರೇಜ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಎರಡು ಸ್ಟ್ಯಾಂಡ್ ಕೊಳ್ಳಿ, ಇಲ್ಲವೇ ಮುಂದಿನ ಎರಡು ಚಕ್ರ ಹತ್ತಿಸುವ ರ‍್ಯಾಂಪ್ ತನ್ನಿ. ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು. ಮಳೆಗಾಲದ ಮಣ್ಣಂಗಳದಲ್ಲಿ ಸ್ಟ್ಯಾಂಡ್ ಕೂಡ ಹೂತುಕೊಳ್ಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರ ಕಾರನ್ನು ಬದಿಯಿಂದ ಒಮ್ಮೆ ಬಲವಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಿನಲ್ಲೇ ಕೆಲಸ ಮಾಡಿ.

ಕಾರನ್ನು ಎತ್ತುವ ಮುಂಚೆ ಎಂಜಿನ್ನನ್ನು ಐದು ನಿಮಿಷ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಉಗುರುಬೆಚ್ಚಗಿಂತ ತುಸು ಹೆಚ್ಚು ಬಿಸಿ ಇರುವ ಆಯಿಲ್ ಕೊಳೆಯನ್ನೂ ಎಳೆದುಕೊಂಡು ಚೆನ್ನಾಗಿ ಇಳಿಯುತ್ತದೆ. ದೂರ ಪ್ರಯಾಣ ಮುಗಿಸಿ ಬಂದ ತಕ್ಷಣ ಮಾತ್ರ ಬೇಡ, ಆಗ ಆಯಿಲೂ ಸೈಲೆನ್ಸರ್ ಪೈಪೂ ಚರ್ಮ ಸುಡುವಷ್ಟು ಕಾದಿರುತ್ತವೆ.

ಈಗ ಫಿಲ್ಟರ್. ಹೌದು, ಬೋಲ್ಟಿಗಿಂತ ಮೊದಲು ಫಿಲ್ಟರನ್ನು ಪರೀಕ್ಷಿಸಿ. ಹೊಸ ಫಿಲ್ಟರನ್ನು ಹಳೆಯದರ ಪಕ್ಕ ಹಿಡಿದು ಅಗಲ, ರಬ್ಬರ್ ರಿಂಗಿನ ಅಳತೆ ಒಂದೇ ಇದೆಯೇ ನೋಡಿ. ಬಳಿಕ ಹಳೆಯದನ್ನು ಕೈಯಲ್ಲಿ ಹಿಡಿದು, ಅದರ ತಳ ನಿಮಗೆ ಎದುರಾಗಿರುವಂತೆ ಕಲ್ಪಿಸಿಕೊಂಡು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಮೇಲಿನಿಂದ ಕೈ ಇಳಿಬಿಟ್ಟು ಕೆಲಸ ಮಾಡುವಾಗ ದಿಕ್ಕು ತಿರುಗುಮುರುಗಾಗಿ, ಬಿಚ್ಚುತ್ತಿದ್ದೇವೆಂದು ಇನ್ನಷ್ಟು ಬಿಗಿಯುವುದು ತೀರಾ ಸಾಮಾನ್ಯ. ಕೈ ಜಾರಿದರೆ ಫಿಲ್ಟರಿನ ಎಣ್ಣೆಯಂಶ ಒರೆಸಿ, ಒರಟು ಸ್ಯಾಂಡ್ ಪೇಪರನ್ನು ಒರಟು ಬದಿ ಒಳಗಾಗುವಂತೆ ಸುತ್ತಿ ಹಿಡಿಯಿರಿ. ಅರ್ಧಕ್ಕರ್ಧ ಫಿಲ್ಟರುಗಳು ಇಷ್ಟಕ್ಕೇ ಒಪ್ಪಿಕೊಳ್ಳುತ್ತವೆ. ಒಪ್ಪದವಕ್ಕೆ ಬೆಲ್ಟ್ ಅಥವಾ ಚೈನ್ ಇರುವ ಫಿಲ್ಟರ್ ಪಾನಾ ಬೇಕು. ಪಾನಾವನ್ನು ಫಿಲ್ಟರಿನ ಮಧ್ಯಕ್ಕೆ ಹಾಕದೆ ಎಂಜಿನ್ನಿಗೆ ಸಮೀಪದ ಅಂಚಿಗೆ ಹಾಕಿ. ಅಲ್ಲಿ ತಗಡಿನ ಒಳಗೆ ದಪ್ಪ ತಟ್ಟೆಯಿದೆ, ಹಾಗಾಗಿ ನಜ್ಜುಗುಜ್ಜಾಗುವುದಿಲ್ಲ. ಸ್ವಲ್ಪ ಕದಲಿತು ಎಂದಾದರೆ ಮತ್ತೆ ಕೈಯಲ್ಲೇ ಬಿಗಿ ಮಾಡಿ ಬಿಟ್ಟುಬಿಡಿ. ಪರೀಕ್ಷೆ ಮುಗಿಯಿತು.

ಸ್ಕ್ರೂಡ್ರೈವರನ್ನು ಫಿಲ್ಟರಿನೊಳಗೆ ಅಡ್ಡಡ್ಡ ಹೊಡೆದು ತಿರುಗಿಸುವ ಹಳೇ ಉಪಾಯ ಎಲ್ಲರಿಗೂ ಗೊತ್ತು. ನನ್ನ ಮಾತು ಕೇಳುವುದಾದರೆ ಮನೆಯಲ್ಲಿ ಅದನ್ನು ಮಾಡಬೇಡಿ. ತಗಡು ಹರಿದು, ಬುಡದ ತಟ್ಟೆ ಮಾತ್ರ ಎಂಜಿನ್ನಿಗೆ ಅಂಟಿಕೊಂಡು ಉಳಿಯುತ್ತದೆ. ಆಮೇಲೆ ಉಳಿ ಸುತ್ತಿಗೆ ಹಿಡಿದು ಅಂಚಿಗೆ ಹೊಡೆಯುತ್ತ ಕೂರಬೇಕು. ತೂತು ಬಿದ್ದ ಫಿಲ್ಟರಿನಲ್ಲಿ ಕಾರು ಸ್ಟಾರ್ಟ್ ಕೂಡ ಮಾಡುವಂತಿಲ್ಲ. ಪಾನಾಕ್ಕೂ ಬಗ್ಗದ ಫಿಲ್ಟರ್ ಗ್ಯಾರೇಜಿನ ಕೆಲಸ.

ಇನ್ನು ಡ್ರೈನ್ ಬೋಲ್ಟ್. ಅದು ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎಂದು ಕರೆಯುವ ಆಯಿಲ್ ಪಾತ್ರೆಯ ತಳದಲ್ಲಿರುತ್ತದೆ. ಪಕ್ಕದಲ್ಲೇ ಗೇರ್‌ಬಾಕ್ಸಿಗೂ ಅಂಥದೇ ಒಂದು ಬೋಲ್ಟ್ ಇರುತ್ತದೆ. ಮುಂದಿನ ಚಕ್ರಗಳಿಂದ ಓಡುವ ಚಿಕ್ಕ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಸಾಲಿನಲ್ಲಿ ಅಡ್ಡಕ್ಕೆ ಕೂತಿರುವುದರಿಂದ ಗೊಂದಲ ಸಹಜ. ಗೇರ್ ಆಯಿಲ್ ಖಾಲಿ ಮಾಡಿ, ಎಂಜಿನ್ನಿಗೆ ಎರಡರಷ್ಟು ಆಯಿಲ್ ತುಂಬಿ, ಎರಡನ್ನೂ ಕೆಡಿಸಿಕೊಂಡವರಿದ್ದಾರೆ. ಡಿಪ್ ಸ್ಟಿಕ್ ಯಾವ ಭಾಗಕ್ಕೆ ಇಳಿಯುತ್ತದೋ, ಫಿಲ್ಟರ್ ಯಾವ ಭಾಗಕ್ಕೆ ಅಂಟಿದೆಯೋ ಅದರ ಕೆಳಗಿನದೇ ಎಂಜಿನ್ನಿನ ಚೇಂಬರ್. ಕಣ್ಣಿನಿಂದ ಗೆರೆ ಎಳೆದು ನೋಡಿ. ಗೇರ್ ಆಯಿಲ್ ಬೇರೆಯೇ ವಾಸನೆ, ಗಂಧಕದ ಘಾಟು ಇರುವ ದಪ್ಪ ದ್ರವ. ಅಂಥದ್ದು ಬಂದರೆ ತಕ್ಷಣ ಬೋಲ್ಟ್ ಹಾಕಿ.

ಮೈಸೂರಿನಲ್ಲಿ ನನ್ನ ಹಿರಿಯ ಸ್ನೇಹಿತರೊಬ್ಬರಿದ್ದಾರೆ, ನಿವೃತ್ತ ಮೇಷ್ಟ್ರು. ಅವರ ಕಾರ್ಬ್ಯುರೇಟರ್ ಕಾಲದ ಮಾರುತಿ 800ರ ಬೋಲ್ಟನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆರು ಮೂಲೆಗಳಲ್ಲಿ ಮೂರು ಆಗಲೇ ಉರುಟಾಗಿದ್ದವು. ಒಂದು ಕಡೆ ಸುತ್ತಿಗೆ ಏಟಿನ ಗುರುತು, ಇನ್ನೊಂದು ಕಡೆ ಪೈಪ್ ಪಾನಾದ ಹಲ್ಲುಗಳ ಗೀರು. ವಾಷರ್ ಇರಬೇಕಾದಲ್ಲಿ ಒಂದರ ಮೇಲೊಂದು ಎರಡು ವಾಷರ್, ಅದರ ಸುತ್ತ ಒಣಗಿದ ಕೆಂಪು ಗ್ಯಾಸ್ಕೆಟ್ ಪೇಸ್ಟ್. ಮೇಷ್ಟ್ರು ರಿಂಗ್ ಪಾನಾ ಹಾಕಿ ಎಳೆದಾಗ ಅದು ಟಕ್ಕೆಂದು ಜಾರಿ ಅವರ ಗೆಣ್ಣು ಸಿಪ್ಪೆ ಸುಲಿಯಿತು. ಕರೆಸಿದ ಮೆಕ್ಯಾನಿಕ್ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ಹೇಳಿದ: "ಯಾರೋ ಪೈಪ್ ಹಾಕ್ಕೊಂಡು ಟೈಟ್ ಮಾಡವ್ರೆ ಮೇಷ್ಟ್ರೇ. ಲೀಕ್ ಆಗ್ತಿತ್ತು ಅಂತ ಇನ್ನೂ ಟೈಟ್ ಮಾಡವ್ರೆ. ಒಂದು ವಾಷರ್ ಬದಲಾಯಿಸಿದ್ರೆ ಆಗೋದು." ಹಳೇ ಕಾರಿನ ಮುಕ್ಕಾಲು ಕಷ್ಟ ಆ ಮಾತಿನಲ್ಲಿದೆ. ವಾಷರ್ ಮೆದು ಲೋಹದ್ದು, ತಾಮ್ರವೋ ಅಲ್ಯೂಮಿನಿಯಮ್ಮೋ. ಬಿಗಿದಾಗ ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಚಪ್ಪಟೆಯಾದದ್ದನ್ನೇ ಮತ್ತೆ ಮತ್ತೆ ಬಳಸಿದರೆ ಜಿನುಗುತ್ತದೆ, ಜಿನುಗಿದ್ದಕ್ಕೆ ಬಿಗಿಯುತ್ತಾರೆ, ಬಿಗಿದಷ್ಟೂ ಥ್ರೆಡ್ ಸವೆಯುತ್ತದೆ.

ಇಂಥ ಬೋಲ್ಟಿಗೆ ಸರಿಯಾದ ಹತ್ಯಾರು ಆರು ಮೂಲೆಯ ಬಾಕ್ಸ್ ಸ್ಪ್ಯಾನರ್. ಮಾರುತಿ 800ರಂಥ ಕಾರುಗಳಲ್ಲಿ ಸಾಮಾನ್ಯವಾಗಿ 17 ಎಂ.ಎಂ. ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಇರುವ ರಿಂಗ್ ಪಾನಾಗಳಿಗೆ ಒಳಗೆ ಹನ್ನೆರಡು ಮೂಲೆ. ಅವು ಬೋಲ್ಟಿನ ತುದಿಗಳನ್ನಷ್ಟೇ ಹಿಡಿಯುತ್ತವೆ, ಆದ್ದರಿಂದ ಸವೆದ ತಲೆಯ ಮೇಲೆ ಜಾರುತ್ತವೆ. ಬಾಯಿ ತೆರೆದ ಡಿ ಪಾನಾ ಬೇಡವೇ ಬೇಡ. ಮೊದಲು ಬೋಲ್ಟಿನ ತಲೆಗೆ ಮೆತ್ತಿದ ಕೆಸರು, ಜಿಡ್ಡುಗಳನ್ನು ವೈರ್ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಬಾಕ್ಸನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪೂರ್ತಿ ಕೂರಿಸಿ, ಉದ್ದ ಹಿಡಿಯ ರಾಡ್ ಹಾಕಿ. ತಳ್ಳಬೇಡಿ, ನಿಮ್ಮ ಕಡೆಗೆ ಎಳೆದುಕೊಳ್ಳಿ. ತಳ್ಳುವಾಗ ಬೋಲ್ಟ್ ಇದ್ದಕ್ಕಿದ್ದಂತೆ ಸಡಿಲವಾದರೆ ಮುಷ್ಟಿ ನೇರ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಯುವವರು ಬಹಳ. ಡ್ರೈನ್ ಬೋಲ್ಟಿನಲ್ಲಿ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಥ್ರೆಡ್ ಒಳಗಿನಿಂದ ಯಾವಾಗಲೂ ಆಯಿಲಿನಲ್ಲೇ ಮುಳುಗಿರುತ್ತದೆ, ತುಕ್ಕಿಗೆ ಜಾಗವೇ ಇಲ್ಲ. ಹಿಡಿದಿರುವುದು ವಾಷರ್ ಮತ್ತು ಹಿಂದಿನವರ ತೋಳಬಲ. ಅದಕ್ಕೆ ಮದ್ದು ಜರ್ಕು. ರಾಡಿನ ತುದಿಗೆ ಸುತ್ತಿಗೆಯಿಂದ ಚಿಕ್ಕ ಚಿಕ್ಕ ಏಟು ಕೊಡಿ. ಒಮ್ಮೊಮ್ಮೆ ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ನಂತರ ಬಿಚ್ಚುವ ಕಡೆಗೆ ಎಳೆದರೂ ಹಿಡಿತ ಬಿಡುತ್ತದೆ. ಬೆಂಕಿ ಮಾತ್ರ ಹತ್ತಿರ ತರಬೇಡಿ.

ತಲೆ ಪೂರ್ತಿ ಉರುಟಾಗಿದ್ದರೆ ಒಂದು ಸೈಜ್ ಚಿಕ್ಕ ಬಾಕ್ಸನ್ನು, ಅಂದರೆ 17ರ ಬದಲು 16 ಎಂ.ಎಂ., ಸುತ್ತಿಗೆಯಿಂದ ಹೊಡೆದು ಕೂರಿಸಬಹುದು. ಉರುಟಾದ ಲೋಹದಲ್ಲಿ ಅದು ಹೊಸ ಮೂಲೆ ಕೊರೆದುಕೊಂಡು ಹಿಡಿಯುತ್ತದೆ. ಬೋಲ್ಟ್ ಕೆಡುತ್ತದೆ, ಹೊಸದು ಕೈಯಲ್ಲಿದೆಯಲ್ಲ. ಅದೂ ಆಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಬೋಲ್ಟಿನ ತಲೆಗೆ ನಟ್ ವೆಲ್ಡ್ ಮಾಡಿ ಬಿಚ್ಚುವ ಕೆಲಸ ಬಲ್ಲ ಮೆಕ್ಯಾನಿಕ್ ಎಲ್ಲ ಊರಿನಲ್ಲೂ ಸಿಗುತ್ತಾನೆ, ಕಾರೂ ಅಲ್ಲಿಯವರೆಗೆ ಓಡುವ ಸ್ಥಿತಿಯಲ್ಲಿದೆ. ಇನ್ನೊಂದು ದಾರಿಯೂ ಇದೆ: ಡಿಪ್ ಸ್ಟಿಕ್ ಹೋಗುವ ಕೊಳವೆಯೊಳಗೆ ಸಣ್ಣ ಪೈಪ್ ಇಳಿಸಿ ಕೈಪಂಪಿನಿಂದ ಆಯಿಲ್ ಎಳೆಯುವುದು. ತಳದ ಗಸಿ ಸ್ವಲ್ಪ ಉಳಿಯುತ್ತದೆ. ಹಳೇ ಆಯಿಲಿನಲ್ಲೇ ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಬೋಲ್ಟ್ ಸಡಿಲವಾಯಿತೇ? ಮೇಲಿನ ಆಯಿಲ್ ಮುಚ್ಚಳ ತೆಗೆದಿಡಿ, ಗಾಳಿ ಒಳಹೋದರೆ ಸರಾಗ ಇಳಿಯುತ್ತದೆ. ಅಗಲ ಬಾಯಿಯ, ಐದು ಲೀಟರ್ ಹಿಡಿಯುವ ಹಳೇ ಬೇಸಿನ್ ಕೆಳಗಿಡಿ. ಆಯಿಲ್ ಮೊದಲು ಅಡ್ಡಕ್ಕೆ ಚಿಮ್ಮಿ, ಹರಿವು ಕಡಿಮೆಯಾದಂತೆ ನೇರಕ್ಕೆ ಬರುತ್ತದೆ. ಬೇಸಿನ್ನನ್ನು ಸರಿಸಲು ಸಿದ್ಧರಾಗಿರಿ. ಕೈಗವಸು ಹಾಕಿಯೇ ಕೆಲಸ ಮಾಡಿ.

ಇಳಿಯುತ್ತಿರುವ ಆಯಿಲನ್ನು ಗಮನವಿಟ್ಟು ನೋಡಿ. ಕಪ್ಪಾಗಿದ್ದರೆ ಗಾಬರಿ ಬೇಡ, ಕೊಳೆ ಹಿಡಿದಿಡುವುದೇ ಅದರ ಕೆಲಸ. ಡೀಸೆಲ್ ಇಂಡಿಕಾದಲ್ಲಂತೂ ಹೊಸ ಆಯಿಲ್ ಹಾಕಿದ ದಿನವೇ ಕಪ್ಪಾಗುತ್ತದೆ. ಹಾಲು ಬೆರೆಸಿದ ಕಾಫಿ ಬಣ್ಣ ಬಂದರೆ ಮಾತ್ರ ಒಳಗೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ತೋರಿಸಬೇಕು. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಕಾರ್ಬ್ಯುರೇಟರ್ ಅಥವಾ ಫ್ಯುಯಲ್ ಪಂಪ್ ನೋಡಿಸಿ. ಬಿಸಿಲಿಗೆ ಹಿಡಿದಾಗ ಲೋಹದ ಪುಡಿ ಕಣ್ಣಿಗೆ ಕಾಣುವಷ್ಟು ಮಿನುಗಿದರೆ ಬೇರಿಂಗ್ ಸವೆತದ ಲಕ್ಷಣ.

ಹನಿ ಹನಿಯಾಗಿ ಇಳಿದು ಮುಗಿದ ಮೇಲೆ ಬೋಲ್ಟಿನ ಥ್ರೆಡ್ಡನ್ನೂ ಅದು ಕೂರುವ ಮುಖವನ್ನೂ ಬನಿಯನ್ ವೇಸ್ಟ್‌ನಿಂದ ಒರೆಸಿ. ಹಳೇ ವಾಷರ್ ಚೇಂಬರಿಗೇ ಅಂಟಿಕೊಂಡಿರಬಹುದು, ಉಗುರಿನಿಂದ ಕೆದಕಿ ನೋಡಿ. ಹೊಸ ವಾಷರ್ ಹಾಕಿದ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸುತ್ತ ಕೊನೆಯವರೆಗೆ ತನ್ನಿ. ಮೊದಲ ಸುತ್ತಿನಲ್ಲೇ ಅಡ್ಡಿಯಾದರೆ ಥ್ರೆಡ್ ಓರೆಯಾಗಿ ಕೂತಿದೆ, ತೆಗೆದು ಮತ್ತೆ ಹಾಕಿ. ಬೆರಳಿಗೆ ನಿಂತ ಮೇಲೆ ಪಾನಾದಿಂದ ಸುಮಾರು ಕಾಲು ಸುತ್ತು ಸಾಕು. ಟಾರ್ಕ್ ಪಾನಾ ಇದ್ದರೆ ಈ ಅಳತೆಯ ಬೋಲ್ಟಿಗೆ ಸುಮಾರು 35 ನ್ಯೂಟನ್ ಮೀಟರ್. ಎರಡು ಕೈ ಹಾಕಿ ಬಿಗಿಯುವ ಅಗತ್ಯ ಇಲ್ಲವೇ ಇಲ್ಲ. ಥ್ರೆಡ್ ಹೋಗಿ ಬೋಲ್ಟ್ ಸುಮ್ಮನೆ ಸುತ್ತುತ್ತಿದ್ದರೆ ಟೆಫ್ಲಾನ್ ಟೇಪು, ಎಂ-ಸೀಲ್‌ಗಳಿಂದ ತೇಪೆ ಹಾಕಿ ರಸ್ತೆಗಿಳಿಯಬೇಡಿ. ಲೇತ್‌ನವರ ಬಳಿ ಹೊಸ ಥ್ರೆಡ್ ಹಾಕಿಸಬಹುದು, ಓವರ್‌ಸೈಜ್ ಬೋಲ್ಟ್ ಕೂಡ ಸಿಗುತ್ತದೆ.

ಫಿಲ್ಟರ್ ಬಿಚ್ಚಿದ ತಕ್ಷಣ ಅದರ ಬಾಯಿ ನೋಡಿ: ರಬ್ಬರ್ ರಿಂಗ್ ಅದರಲ್ಲೇ ಇದೆಯೇ? ಎಷ್ಟೋ ಸಲ ಹಳೇ ರಿಂಗ್ ಎಂಜಿನ್ನಿಗೆ ಅಂಟಿಕೊಂಡು ಉಳಿಯುತ್ತದೆ, ಕಪ್ಪಿನ ಮೇಲೆ ಕಪ್ಪು ಕಾಣಿಸುವುದಿಲ್ಲ. ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ ಮೊದಲಿಗೆ ಎಲ್ಲ ಸರಿಯಿರುವಂತೆ ತೋರಿ, ಎಂಜಿನ್ ಓಡುವಾಗ ಒತ್ತಡಕ್ಕೆ ಎರಡು ರಿಂಗುಗಳ ನಡುವಿನಿಂದ ಆಯಿಲ್ ಪೂರಾ ಹೊರಗೆ ಚೆಲ್ಲುತ್ತದೆ. ಎಂಜಿನ್ ಸೀಜ್ ಆಗುವುದಕ್ಕೆ ಇಷ್ಟು ಸಾಕು. ಬೆರಳಾಡಿಸಿ ಖಾತ್ರಿ ಮಾಡಿಕೊಳ್ಳಿ. ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ. ರಿಂಗ್ ಎಂಜಿನ್ನಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಬರೀ ಕೈಯಿಂದ. ಪಾನಾ ಬಿಚ್ಚಲಿಕ್ಕೆ ಮಾತ್ರ.

ಹೊಸ ಆಯಿಲನ್ನು ಒಟ್ಟಿಗೇ ಸುರಿಯಬೇಡಿ. ಅರ್ಧ ಲೀಟರ್ ಕಡಿಮೆ ಹಾಕಿ, ಮುಚ್ಚಳ ಮುಚ್ಚಿ, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಸ್ಟಾರ್ಟ್ ಮಾಡಿ. ಆ್ಯಕ್ಸಿಲರೇಟರ್ ತುಳಿಯದೆ ಕೆಂಪು ಆಯಿಲ್ ದೀಪವನ್ನು ನೋಡಿ. ಖಾಲಿ ಫಿಲ್ಟರ್ ತುಂಬಿಕೊಳ್ಳಲು ಕೆಲವು ಸೆಕೆಂಡ್ ಹಿಡಿದು ದೀಪ ಆರುತ್ತದೆ. ಹತ್ತು ಸೆಕೆಂಡಿಗೂ ಆರದಿದ್ದರೆ ತಕ್ಷಣ ಆಫ್ ಮಾಡಿ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ, ಬೋಲ್ಟು ಫಿಲ್ಟರುಗಳ ಸುತ್ತ ಜಿನುಗುತ್ತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಕಾರನ್ನು ಸಮನೆಲಕ್ಕೆ ಇಳಿಸಿ ಐದು ನಿಮಿಷದ ನಂತರ ಡಿಪ್ ಸ್ಟಿಕ್ ಒರೆಸಿ ಅದ್ದಿ ನೋಡುತ್ತ ಸ್ವಲ್ಪ ಸ್ವಲ್ಪವೇ ಸೇರಿಸಿ, ಮೇಲಿನ ಗುರುತು ದಾಟಬಾರದು. ಹೆಚ್ಚಾದರೆ ಒಳ್ಳೆಯದೇ ಎಂಬ ನಂಬಿಕೆ ತಪ್ಪು. ಮಟ್ಟ ಏರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ಹಳೇ ಸೀಲುಗಳು ಬಾಯಿ ಬಿಡುತ್ತವೆ. ದಿನಾಂಕ, ಕಿಲೋಮೀಟರ್, ಆಯಿಲಿನ ದರ್ಜೆಯನ್ನು ಬರೆದು ಬಾನೆಟ್ ಒಳಗೆ ಅಂಟಿಸಿ. ಹಳೇ ಪೆಟ್ರೋಲ್ ಕಾರಿಗೆ 5,000 ಕಿ.ಮೀ.ಗೊಮ್ಮೆ, ಹೆಚ್ಚು ಓಡಿಸದೆ ಶೆಡ್ಡಿನಲ್ಲೇ ಇಡುವವರು ವರ್ಷಕ್ಕೊಮ್ಮೆ ಬದಲಿಸಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೊದಲ ವಾರ ದಿನಾ ಬೆಳಿಗ್ಗೆ ಕಾರು ನಿಂತ ಜಾಗದಲ್ಲಿ ಹನಿ ಬಿದ್ದಿದೆಯೇ ನೋಡಿ.

ಉಳಿಯಿತು ಬೇಸಿನ್ನಿನಲ್ಲಿರುವ ಆ ಕಪ್ಪು ಆಯಿಲ್. ನಮ್ಮ ಕಡೆ ಅದಕ್ಕೆ ಬೇಡಿಕೆ ಬಹಳ. ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಹಚ್ಚುತ್ತಾರೆ, ಸೆಂಟ್ರಿಂಗ್ ಹಲಗೆಗೆ ಬಳಿಯುತ್ತಾರೆ, ಕಜ್ಜಿ ಹಿಡಿದ ನಾಯಿಯ ಮೈಗೂ ಸವರುತ್ತಾರೆ. ಈ ಕೊನೆಯದನ್ನು ದಯವಿಟ್ಟು ಯಾರೂ ಮಾಡಬೇಡಿ. ಓಡಿದ ಎಂಜಿನ್ ಆಯಿಲಿನಲ್ಲಿ ಲೋಹದ ಅಂಶಗಳೂ ಕ್ಯಾನ್ಸರ್ ತರುವ ರಾಸಾಯನಿಕಗಳೂ ಇರುತ್ತವೆ. ನಾಯಿ ಮೈ ನೆಕ್ಕಿಕೊಂಡು ನುಂಗುತ್ತದೆ, ಚರ್ಮದ ಮೂಲಕವೂ ಒಳಸೇರುತ್ತದೆ. ಕಜ್ಜಿಗೆ ಪಶುವೈದ್ಯರ ಬಳಿ ಸರಿಯಾದ ಔಷಧವಿದೆ. ಚರಂಡಿಗೆ, ತೋಟದ ಮೂಲೆಗೆ, ಬಾವಿ ಹತ್ತಿರಕ್ಕೂ ಸುರಿಯಬೇಡಿ. ಕಾನೂನಿನಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಸಂಗ್ರಹಿಸಿ ಮರುಸಂಸ್ಕರಣೆ ಮಾಡಿಸುವ ಹೊಣೆಯನ್ನು 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ನೀವು ಮಾಡಬೇಕಾದದ್ದು ಇಷ್ಟೆ: ಖಾಲಿಯಾದ ಒಂದು ಹಳೇ ಕ್ಯಾನಿಗೆ ಅದನ್ನು ಸೋರದಂತೆ ತುಂಬಿ, ಬಳಸಿದ ಆಯಿಲನ್ನು ಬ್ಯಾರೆಲ್‌ನಲ್ಲಿ ಕೂಡಿಟ್ಟು ಪರವಾನಗಿ ಇರುವವರಿಗೆ ಕೊಡುವ ಸರ್ವೀಸ್ ಸೆಂಟರಿಗೆ ತಲುಪಿಸಿ. ಹಳೇ ಫಿಲ್ಟರನ್ನೂ ಬೋರಲು ಹಾಕಿ ಒಂದು ದಿನ ಸೋರಿಸಿ ಅದರ ಜೊತೆಗೇ ಕೊಡಿ. ಮನೆಯಲ್ಲಿ ಉಳಿಯುವ ಖಾಲಿ ಕ್ಯಾನುಗಳನ್ನು ಗುಜರಿಗೆ ಹಾಕುವ ಮುನ್ನ ತಳಕ್ಕೊಂದು ದೊಡ್ಡ ತೂತು ಹೊಡೆದು, ಲೇಬಲ್ ಹರಿದುಬಿಡಿ. ಹಾಗೇ ಕೊಟ್ಟ ಕ್ಯಾನುಗಳಲ್ಲೇ ನಕಲಿ ಆಯಿಲ್ ತುಂಬಿ ಮತ್ತೆ ಅಂಗಡಿಗೆ ಬರುವುದು.